ಗುದ್ದಿದ ಮೇಲೆ ಬಡಿಸೋದಾ, ಹೊಸದು ಹಾಕಿಸೋದಾ, ಗುಜರಿಯದ್ದು ಸಾಕಾ?

ತಿಪಟೂರಿನಿಂದ ಸ್ವಲ್ಪ ಈಚೆ, ಸಂಜೆ ಏಳರ ಹೊತ್ತು. ಮುಂದೆ ಕೊಬ್ಬರಿ ಚೀಲ ಹೇರಿಕೊಂಡ ಟ್ರ್ಯಾಕ್ಟರ್. ಟ್ರೈಲರ್‌ಗೆ ಹಿಂದಿನ ದೀಪವೇ ಇರಲಿಲ್ಲ. ಬ್ರೇಕ್ ಒತ್ತಿ ಬಲಕ್ಕೆ ಎಳೆದೆ. ಆದರೂ ಕಾರಿನ ಎಡ ಮೂಲೆ ಟ್ರೈಲರ್‌ನ ಬಲ ಮೂಲೆಗೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಎಡಗಡೆ ಹೆಡ್‌ಲೈಟ್ ಒಡೆದಿತ್ತು, ಬಂಪರ್ ಜೋತುಬಿದ್ದಿತ್ತು, ಮಡ್‌ಗಾರ್ಡ್ ಮುದುರಿತ್ತು, ಬಾನೆಟ್ ಒಂದು ಮೂಲೆಯಲ್ಲಿ ಎದ್ದು ನಿಂತಿತ್ತು.

ಮಾರನೇ ದಿನ ಎರಡು ಎಸ್ಟಿಮೇಟ್ ಬಂತು. ಒಂದು ಗ್ಯಾರೇಜಿನವರು ಎಲ್ಲವೂ ಹೊಸದು ಅಂತ 71 ಸಾವಿರ ಬರೆದರು. ಇನ್ನೊಬ್ಬರು "ಹೆಡ್‌ಲೈಟ್ ಒಂದು ಬಿಟ್ಟು ಎಲ್ಲಾ ಎತ್ತಿ ಕೊಡ್ತೀನಿ ಸಾರ್" ಎಂದು 17 ಸಾವಿರಕ್ಕೆ ಒಪ್ಪಿದರು. ಇಬ್ಬರೂ ಮಾಡಿದ್ದು ಒಂದೇ ಕೆಲಸ: ಕಾರಿನ ಸುತ್ತ ಒಂದು ಪ್ರದಕ್ಷಿಣೆ. ಒಬ್ಬರೂ ಕೆಳಗೆ ಬಗ್ಗಲಿಲ್ಲ, ಚಕ್ರ ಅಲ್ಲಾಡಿಸಲಿಲ್ಲ.

ಏಟು ಎಲ್ಲಿ ಬಿತ್ತು ಅನ್ನೋದು ಯಾರಿಗಾದರೂ ಕಾಣುತ್ತದೆ. ಅದು ಒಳಗೆ ಎಲ್ಲಿಯವರೆಗೆ ಹೋಯಿತು ಅನ್ನೋದನ್ನು ಹುಡುಕಬೇಕು. ಹುಡುಕದೆ "ರಿಪೇರಿನಾ, ಹೊಸದಾ" ಎಂದು ಚರ್ಚೆ ಮಾಡಿದರೆ ಎರಡೂ ಕಡೆ ದುಡ್ಡು ಹೋಗುತ್ತದೆ. ನನ್ನ ಕಾರಿನ ವಿಷಯದಲ್ಲಿ 71 ಸಾವಿರದ ಪಟ್ಟಿಯಲ್ಲಿ ಬೇಡದ ಸಾಮಾನು ಇತ್ತು. 17 ಸಾವಿರದ ಪಟ್ಟಿಯಲ್ಲಿ ಬೇಕೇ ಬೇಕಾದದ್ದು ಇರಲಿಲ್ಲ. ಅದು ಹೇಗೆ ಗೊತ್ತಾಯಿತು ಅಂತ ಮುಂದೆ ಹೇಳುತ್ತೇನೆ.

ಮೊದಲು ರಸ್ತೆ ಬದಿಯಲ್ಲಿ

ಎಂಜಿನ್ ಆಫ್ ಮಾಡಿ ಕಾರಿನ ಕೆಳಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಏನಾದರೂ ತೊಟ್ಟಿಕ್ಕುತ್ತಿದೆಯಾ? ಬಣ್ಣವಿಲ್ಲದ, ವಾಸನೆಯಿಲ್ಲದ ನೀರಾದರೆ ಎಸಿಯದ್ದು ಇರಬಹುದು, ಚಿಂತೆ ಇಲ್ಲ. ಹಸಿರೋ ಗುಲಾಬಿಯೋ ಬಣ್ಣ ಇದ್ದು, ಬೆರಳಿಗೆ ಜಾರುವ ಹಾಗಿದ್ದರೆ ಕೂಲೆಂಟ್. ಕಪ್ಪಗೆ ಜಿಡ್ಡಾಗಿದ್ದರೆ ಎಂಜಿನ್ ಆಯಿಲ್, ಅಂದರೆ ಎಂಜಿನ್ ತಳದ ಆಯಿಲ್ ತುಂಬಿರುವ ಬಟ್ಟಲು, ಚೇಂಬರ್, ಒಡೆದಿರಬಹುದು.

ಕೂಲೆಂಟ್ ಅಥವಾ ಆಯಿಲ್ ಸೋರುತ್ತಿದ್ದರೆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ. "ಎರಡು ಕಿಲೋಮೀಟರ್ ತಾನೇ, ನಿಧಾನಕ್ಕೆ ಹೋಗೋಣ" ಅನ್ನೋ ಮಾತೇ ಎಷ್ಟೋ ಎಂಜಿನ್ ತಿಂದಿದೆ. ಆಯಿಲ್ ಇಲ್ಲದೆ ಓಡಿಸಿ ಎಂಜಿನ್ ಜಾಮ್ ಆದರೆ ಅದನ್ನು ಇನ್ಶೂರೆನ್ಸ್‌ನವರು ಅಪಘಾತದ ಹಾನಿ ಎಂದು ಒಪ್ಪುವುದಿಲ್ಲ. ಗುದ್ದಿದ ಮೇಲೆ ನೀವೇ ಮಾಡಿಕೊಂಡದ್ದು ಎನ್ನುತ್ತಾರೆ. ನಾಲ್ಕು ಸಾವಿರದ ಚೇಂಬರ್ ಹೋಗಿ ಎಂಜಿನ್ ಬಿಚ್ಚುವ ಲೆಕ್ಕಕ್ಕೆ ಬರುತ್ತದೆ.

ಆಮೇಲೆ ಚಕ್ರ. ಟೈರು ಒಳಗಿನ ಪ್ಲಾಸ್ಟಿಕ್ ಲೈನರ್‌ಗೆ ಉಜ್ಜುತ್ತಿದ್ದರೆ, ಅಥವಾ ಎದುರಿನಿಂದ ನೋಡಿದಾಗ ಒಂದು ಚಕ್ರ ಸೊಟ್ಟಗೆ ನಿಂತಿದ್ದರೆ ಹಗ್ಗ ಕಟ್ಟಿ ಎಳೆಸಬೇಡಿ. ಫ್ಲಾಟ್‌ಬೆಡ್ ಕರೆಸಿ. ಎಲೆಕ್ಟ್ರಿಕ್ ಅಥವಾ ಹೈಬ್ರಿಡ್ ಕಾರಾದರೆ ಕಿತ್ತಳೆ ಬಣ್ಣದ ದಪ್ಪ ವೈರುಗಳ ತಂಟೆಗೆ ಹೋಗಬೇಡಿ. ಅಡಿಯಲ್ಲಿ ಬ್ಯಾಟರಿ ಪೆಟ್ಟಿಗೆಗೆ ಏಟು ಬಿದ್ದಿದ್ದರೆ ಆ ಕಾರು ಬೀದಿ ಗ್ಯಾರೇಜಿನ ಕೆಲಸವೇ ಅಲ್ಲ.

ಫೋಟೋ ಧಾರಾಳವಾಗಿ ತೆಗೆಯಿರಿ. ನಾಲ್ಕು ಮೂಲೆ, ನಂಬರ್ ಪ್ಲೇಟ್, ಎದುರಿನ ಗಾಡಿ, ರಸ್ತೆ, ಅಡಿಭಾಗ, ಎಲ್ಲವೂ ಇರಲಿ. ಯಾರಿಗಾದರೂ ಗಾಯವಾಗಿದ್ದರೆ ಮೊದಲು ಆಸ್ಪತ್ರೆ, ಆಮೇಲೆ ಪೊಲೀಸ್ ಠಾಣೆ. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ 24 ಗಂಟೆಯೊಳಗೆ ತಿಳಿಸಬೇಕು. ಕ್ಲೇಮ್ ಮಾಡುವ ಯೋಚನೆ ಸ್ವಲ್ಪವಾದರೂ ಇದ್ದರೆ ಇನ್ಶೂರೆನ್ಸ್‌ಗೆ ಹೇಳುವ ತನಕ ಒಂದು ನಟ್ಟನ್ನೂ ಬಿಚ್ಚಿಸಬೇಡಿ. ಸರ್ವೇಯರ್ ಬರುವ ಮೊದಲೇ ಬಿಚ್ಚಿಟ್ಟ ಸಾಮಾನು ಯಾವಾಗ ಮುರಿದದ್ದು ಅನ್ನೋ ಪ್ರಶ್ನೆ ಬರುತ್ತದೆ.

ಬೆರಳು, ಟೇಪು, ಒಂದು ಬಕೆಟ್ ನೀರು

ಈಗಿನ ಚಿಕ್ಕ ಕಾರುಗಳಿಗೆ ಲಾರಿ ತರಹ ಬೇರೆ ಚಾಸಿ ಇರುವುದಿಲ್ಲ. ಬಾಡಿಯೇ ಚಾಸಿ. ಮುಂದೆ ಬಿದ್ದ ಏಟು ಬಂಪರ್, ಅದರ ಹಿಂದಿನ ಕಬ್ಬಿಣದ ಪಟ್ಟಿ, ರೇಡಿಯೇಟರ್ ಹಿಡಿದಿಡುವ ಸಪೋರ್ಟ್, ಏಪ್ರನ್, ಆಮೇಲೆ ಬಾಗಿಲ ಕಂಬ, ಹೀಗೆ ಒಂದರಿಂದ ಒಂದಕ್ಕೆ ದಾಟುತ್ತದೆ. ಎಲ್ಲಿ ನಿಂತಿತು ಅಂತ ತಿಳಿಯಲು ಮಷೀನೇ ಬೇಕು ಅಂತಿಲ್ಲ. ಮನೆಯಲ್ಲೇ ಅರ್ಧ ಗೊತ್ತಾಗುತ್ತದೆ.

ಮೊದಲು ಗ್ಯಾಪು. ಬಾನೆಟ್ಟಿಗೂ ಮಡ್‌ಗಾರ್ಡಿಗೂ ನಡುವಿನ ಸಂದಿಯಲ್ಲಿ ಕಿರುಬೆರಳಿನ ಉಗುರು ಆಡಿಸುತ್ತಾ ಹಿಂದಿನಿಂದ ಮುಂದಕ್ಕೆ ಬನ್ನಿ. ಎಡಕ್ಕೂ ಬಲಕ್ಕೂ ಹೋಲಿಸಿ. ಆಮೇಲೆ ಮಡ್‌ಗಾರ್ಡ್ ಮತ್ತು ಮುಂದಿನ ಬಾಗಿಲ ನಡುವಿನ ಸಂದಿ. ಅಲ್ಲಿ ಗ್ಯಾಪು ಬಿಗಿಯಾಗಿದ್ದು ಬಾಗಿಲು ಸಲೀಸಾಗಿ ಮುಚ್ಚುತ್ತಿದ್ದರೆ ಮಡ್‌ಗಾರ್ಡ್ ಮಾತ್ರ ಹಿಂದೆ ಸರಿದಿದೆ. ಅದು ಬೋಲ್ಟಿನ ಭಾಗ, ಹೆದರಬೇಕಾಗಿಲ್ಲ. ಆದರೆ ಬಾಗಿಲನ್ನು ಸ್ವಲ್ಪ ಎತ್ತಿ ಮುಚ್ಚಬೇಕಾದರೆ, ಅಥವಾ ಮುಚ್ಚುವ ಸದ್ದು ಆ ಕಡೆ ಒಂದು ಈ ಕಡೆ ಇನ್ನೊಂದು ಇದ್ದರೆ, ಏಟು ಕಂಬದ ತನಕ ಬಂದಿದೆ. ಆಗ ಈ ಬರಹದ ಮಿಕ್ಕ ಲೆಕ್ಕವೆಲ್ಲ ಬದಲಾಗುತ್ತದೆ.

ಬಾನೆಟ್ ತೆಗೆದು ಒಳಗೆ ನೋಡಿ. ಏಪ್ರನ್ ಅಂದರೆ ಎಂಜಿನ್ನಿನ ಎರಡೂ ಪಕ್ಕದ ಗೋಡೆ. ತಗಡು ತಗಡು ಕೂಡುವ ಕಡೆ ಕಂಪನಿಯವರು ಒಂದು ಬಗೆಯ ಮೇಣದಂಥ ಸೀಲರ್ ಎಳೆದಿರುತ್ತಾರೆ. ಅದು ಬಿರುಕು ಬಿಟ್ಟಿದೆಯಾ? ಪೇಂಟು ಅಲ್ಲಲ್ಲಿ ಹಪ್ಪಳದ ಹಾಗೆ ಎದ್ದಿದೆಯಾ? ಲೋಹ ಅಲುಗದೆ ಪೇಂಟು ಎದ್ದೇಳುವುದಿಲ್ಲ. ನನ್ನ ಕಾರಿನಲ್ಲಿ ಎಡ ಏಪ್ರನ್‌ನ ಮುಂದಿನ ತುದಿಯಲ್ಲಿ, ಹೆಡ್‌ಲೈಟ್ ಕೂರುವ ಜಾಗದ ಹಿಂದೆ, ನಾಲ್ಕು ಬೆರಳಗಲ ಪೇಂಟು ಎದ್ದಿತ್ತು. ಅಲ್ಲಿಂದ ಹಿಂದಕ್ಕೆ ಎಲ್ಲವೂ ಸ್ವಚ್ಛ. ಶಾಕ್ ಅಬ್ಸಾರ್ಬರ್‌ನ ತಲೆ ಕೂರುವ ಬಟ್ಟಲಿನ ಸುತ್ತ ಒಂದು ಗೀರೂ ಇರಲಿಲ್ಲ.

ಹಿಂದಿನಿಂದ ಗುದ್ದಿಸಿಕೊಂಡವರು ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಟೆಪ್ನಿ ಹೊರಗೆ ತೆಗೆಯಿರಿ. (ಗುದ್ದಿದ್ದಕ್ಕೂ ಡಿಕ್ಕಿ, ಸಾಮಾನಿಡುವ ಜಾಗಕ್ಕೂ ಡಿಕ್ಕಿ. ನಮ್ಮ ಭಾಷೆಗೆ ಮೊದಲೇ ಗೊತ್ತಿತ್ತೇನೋ.) ಸ್ಟೆಪ್ನಿ ಕೂರುವ ಗುಂಡಿಯ ತಳದಲ್ಲಿ ಸುಕ್ಕು ಕಂಡರೆ ಬಂಪರ್ ಬದಲಿಸಿ ಸುಮ್ಮನಾಗುವ ವಿಷಯವಲ್ಲ ಅದು.

ಈಗ ಟೇಪು. ಸ್ಟೀರಿಂಗ್ ನೇರ ಮಾಡಿ, ಮಟ್ಟಸವಾದ ನೆಲದ ಮೇಲೆ ನಿಲ್ಲಿಸಿ. ಮುಂದಿನ ಚಕ್ರದ ನಡುಬಿಂದುವಿನಿಂದ ಹಿಂದಿನ ಚಕ್ರದ ನಡುಬಿಂದುವಿಗೆ ಎಷ್ಟು? ಎರಡೂ ಕಡೆ ಅಳೆಯಿರಿ. ಎರಡು ಮೂರು ಮಿಲಿಮೀಟರ್ ಹೆಚ್ಚುಕಮ್ಮಿ ನಮ್ಮ ಕೈಯ ತಪ್ಪು. ನನಗೆ ಬಲಗಡೆ 2430 ಮಿಲಿಮೀಟರ್, ಎಡಗಡೆ 2418 ಬಂತು. ಮೂರು ಸಲ ಅಳೆದರೂ ಅಷ್ಟೇ. ಹನ್ನೆರಡು ಮಿಲಿಮೀಟರ್ ಅಂದರೆ ಚಕ್ರ ಹಿಂದಕ್ಕೆ ಹೋಗಿದೆ ಅಂತ ಅರ್ಥ. ಹೊರಗಿನಿಂದ ನೋಡಿದರೆ ಚಕ್ರ ಸರಿಯಾಗೇ ಇತ್ತು.

ನೀರಿನ ಪರೀಕ್ಷೆ ಇನ್ನೂ ಸುಲಭ. ಸಿಮೆಂಟ್ ನೆಲದ ಮೇಲೆ ಒಂದು ಬಕೆಟ್ ನೀರು ಚೆಲ್ಲಿ, ಅದರ ಮೇಲೆ ಸ್ಟೀರಿಂಗ್ ತಿರುಗಿಸದೆ ನೇರವಾಗಿ ಕಾರು ಹಾಯಿಸಿ. ಒಣ ನೆಲದಲ್ಲಿ ನಾಲ್ಕು ಚಕ್ರದ ಗುರುತು ಮೂಡುತ್ತದೆ. ಹಿಂದಿನ ಗುರುತು ಮುಂದಿನದರ ಮೇಲೆ ಎರಡೂ ಕಡೆ ಒಂದೇ ಸಮ ಕೂತಿರಬೇಕು. ಒಂದು ಕಡೆ ಒಳಗೆ, ಇನ್ನೊಂದು ಕಡೆ ಹೊರಗೆ ಬಿದ್ದರೆ ಕಾರು ನಾಯಿ ಓಡುವ ಹಾಗೆ ಓರೆಯಾಗಿ ಹೋಗುತ್ತಿದೆ. ಹಿಂದಿನ ಆಕ್ಸಲ್ಲೋ ಬಾಡಿಯೋ ಸೊಟ್ಟಗಾಗಿದೆ ಅನ್ನೋದಕ್ಕೆ ಇದು ಗುರುತು. ಚಕ್ರ ತಿರುಗುತ್ತಿದ್ದು, ಏನೂ ಉಜ್ಜದಿದ್ದರೆ ಮಾತ್ರ ಇದನ್ನು ಮಾಡಿ.

ಅಲೈನ್‌ಮೆಂಟ್ ಚೀಟಿ ಓದುವುದು

ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಯಾಕೆಂದರೆ ಐನೂರು ಆರುನೂರು ರೂಪಾಯಿಯ ಒಂದು ಚೀಟಿ ನನಗೆ ಹತ್ತು ಹದಿನೈದು ಸಾವಿರ ಉಳಿಸಿತು.

ಗುದ್ದಿದ ಕಾರನ್ನು ಅಲೈನ್‌ಮೆಂಟ್‌ಗೆ ಕೊಟ್ಟರೆ ಅಂಗಡಿಯವರು ಟೋ ಸರಿಮಾಡಿ "ಆಯ್ತು ಸಾರ್" ಎನ್ನುತ್ತಾರೆ. ಟೋ ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಎಷ್ಟು ಒಳಕ್ಕೋ ಹೊರಕ್ಕೋ ತಿರುಗಿದೆ ಅನ್ನೋದು. ಬಹುಪಾಲು ಚಿಕ್ಕ ಕಾರುಗಳಲ್ಲಿ ಮುಂದಿನ ಚಕ್ರಕ್ಕೆ ಅವರು ತಿರುಗಿಸಿ ಸರಿಮಾಡಲು ಆಗುವುದೇ ಅದೊಂದು. ಚಕ್ರ ಎದುರಿನಿಂದ ನೋಡಿದಾಗ ಎಷ್ಟು ವಾಲಿದೆ ಅನ್ನುವ ಕ್ಯಾಂಬರ್ ಕಂಪನಿಯಲ್ಲೇ ಕೂತಿರುತ್ತದೆ. ಅದು ಅಳತೆ ಮೀರಿದೆ ಅಂದರೆ ಎಲ್ಲೋ ಏನೋ ಬಾಗಿದೆ. ಸರಿಮಾಡಲು ಬರದ ಅಳತೆಯೇ ನಮಗೆ ಸಾಕ್ಷಿ ಹೇಳುವುದು.

ಹಾಗಾಗಿ "ಏನನ್ನೂ ಮುಟ್ಟಬೇಡಿ ಅಣ್ಣ, ಈಗ ಹೇಗಿದೆಯೋ ಹಾಗೇ ಚೀಟಿ ತೆಗೆದುಕೊಡಿ, ಎಸ್‌ಎಐ ಕೂಡ ಬರಲಿ" ಎಂದು ಕೇಳಿ. ಶಾಕ್ ಅಬ್ಸಾರ್ಬರ್‌ನ ತಲೆಯಿಂದ ಕೆಳಗಿನ ಬಾಲ್ ಜಾಯಿಂಟಿಗೆ ಒಂದು ಗೆರೆ ಎಳೆದರೆ ಅದು ಎಷ್ಟು ಓರೆ ಇದೆ ಅನ್ನೋದು ಎಸ್‌ಎಐ. ಕೆಲವು ಅಂಗಡಿಗಳಲ್ಲಿ ಇದನ್ನು ಅಳೆಯಲು ಸ್ಟೀರಿಂಗ್ ಎಡಕ್ಕೂ ಬಲಕ್ಕೂ ತಿರುಗಿಸಬೇಕಾಗುತ್ತದೆ, ಅದಕ್ಕೇ ಬೇಜಾರು ಮಾಡಿಕೊಳ್ಳುತ್ತಾರೆ. ಪಟ್ಟು ಬಿಡಬೇಡಿ.

ನನ್ನ ಚೀಟಿ ಹೀಗಿತ್ತು (ಇಲ್ಲಿ ಮಿನಿಟ್ ಅಂದರೆ ಡಿಗ್ರಿಯ 60ರಲ್ಲಿ ಒಂದು ಪಾಲು). ಬಲಗಡೆ ಕ್ಯಾಂಬರ್ ಮೈನಸ್ 15 ಮಿನಿಟ್, ಎಸ್‌ಎಐ 12 ಡಿಗ್ರಿ 30 ಮಿನಿಟ್. ಎಡಗಡೆ ಕ್ಯಾಂಬರ್ ಪ್ಲಸ್ 1 ಡಿಗ್ರಿ 5 ಮಿನಿಟ್, ಎಸ್‌ಎಐ 11 ಡಿಗ್ರಿ 10 ಮಿನಿಟ್. ಬಿಡಿಬಿಡಿಯಾಗಿ ನೋಡಿದರೆ ಎಡಗಡೆ ಎಲ್ಲವೂ ಕೆಟ್ಟಿದೆ. ಆದರೆ ಕೂಡಿಸಿ ನೋಡಿ. ಬಲಗಡೆ 12 ಡಿಗ್ರಿ 15 ಮಿನಿಟ್, ಎಡಗಡೆಯೂ 12 ಡಿಗ್ರಿ 15 ಮಿನಿಟ್.

ಮೊತ್ತ ಎರಡೂ ಕಡೆ ಒಂದೇ ಬಂದರೆ ಚಕ್ರ ಹಿಡಿದಿರುವ ನಕಲ್, ಶಾಕ್ ಅಬ್ಸಾರ್ಬರ್‌ನ ಕಡ್ಡಿ ಎರಡೂ ನೇರ ಇವೆ. ಅವು ಕೂತಿರುವ ಜಾಗ ಮೇಲ್ತುದಿಯಲ್ಲೋ ಕೆಳತುದಿಯಲ್ಲೋ ಸರಿದಿದೆ. ಮೇಲ್ತುದಿಯಲ್ಲಿ ಸರಿದಿದ್ದರೆ ಅದು ಬಾಡಿ ಕೆಲಸ, ಕೆಳತುದಿಯಲ್ಲಿ ಸರಿದಿದ್ದರೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮ್ ಅಥವಾ ಅದು ಕೂರುವ ಅಡ್ಡ ತೊಲೆ, ಕ್ರಾಸ್ ಮೆಂಬರ್. ಅದೇ ಎಸ್‌ಎಐ ಎರಡೂ ಕಡೆ ಸಮ ಇದ್ದು ಕ್ಯಾಂಬರ್ ಮಾತ್ರ ಬೇರೆ ಬಂದಿದ್ದರೆ ನಕಲ್ಲೋ ಶಾಕ್ ಅಬ್ಸಾರ್ಬರೋ ಬಾಗಿದೆ ಎನ್ನಬೇಕಿತ್ತು.

ನನ್ನ ಕಾರಿನಲ್ಲಿ ಮೇಲಿನ ಬಟ್ಟಲಿನ ಸುತ್ತ ಪೇಂಟು ಎದ್ದಿರಲಿಲ್ಲ, ಚಕ್ರ ಹನ್ನೆರಡು ಮಿಲಿಮೀಟರ್ ಹಿಂದೆ ಹೋಗಿತ್ತು. ಎಲ್ಲವೂ ಲೋಯರ್ ಆರ್ಮ್ ಕಡೆಗೇ ಬೆರಳು ತೋರಿಸಿತು. ಬಿಚ್ಚಿ ಹೊಸದರ ಮೇಲೆ ಇಟ್ಟಾಗ ಬಾಲ್ ಜಾಯಿಂಟಿನ ರಂಧ್ರ ಒಂದರ ಮೇಲೊಂದು ಕೂರಲಿಲ್ಲ, ಅರ್ಧ ಚಂದ್ರದಷ್ಟು ಬೆಳಕು ಕಾಣುತ್ತಿತ್ತು. ಹೊಸ ಆರ್ಮ್ ಹಾಕಿ ಮತ್ತೆ ಚೀಟಿ ತೆಗೆಸಿದೆ. ಎರಡೂ ಕಡೆ ಸಮ. ಅಂದರೆ ಕ್ರಾಸ್ ಮೆಂಬರ್ ಕೂಡ ಕ್ಷೇಮ.

71 ಸಾವಿರದ ಪಟ್ಟಿಯಲ್ಲಿ ಶಾಕ್ ಅಬ್ಸಾರ್ಬರ್, ನಕಲ್, ಹಬ್ ಬೇರಿಂಗ್ ಎಲ್ಲಾ ಇತ್ತು. 17 ಸಾವಿರದ ಪಟ್ಟಿಯಲ್ಲಿ ಲೋಯರ್ ಆರ್ಮ್ ಇರಲೇ ಇಲ್ಲ. ಅದಕ್ಕೆ ಒಪ್ಪಿದ್ದರೆ ಆ ಬಾಗಿದ ಆರ್ಮ್ ಮೇಲೆ ನಾನು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುತ್ತಿದ್ದೆ, ಆರು ತಿಂಗಳಲ್ಲಿ ಎಡ ಟೈರು ಒಂದು ಅಂಚಿನಲ್ಲಿ ಸವೆದು ಬೋಳಾಗುತ್ತಿತ್ತು.

ಯಾವುದನ್ನು ಏನು ಮಾಡಬೇಕು

ಹೊರಗಿನ ತಗಡು ರಿಪೇರಿಗೆ ಒಗ್ಗುತ್ತದೆ. ಒಂದು ಕಾಗದವನ್ನು ಸುಮ್ನೆ ಬಾಗಿಸಿ ಬಿಟ್ಟರೆ ಮತ್ತೆ ನೇರವಾಗುತ್ತದೆ. ಮಡಿಸಿ ಉಗುರಿನಿಂದ ತೀಡಿದರೆ ಆ ಗೆರೆ ಹೋಗುವುದಿಲ್ಲ. ತಗಡೂ ಹಾಗೇ. ಅಗಲವಾಗಿ ತಗ್ಗಿದ ಗುಂಡಿ ಟಿಂಕರಿಂಗ್‌ನಲ್ಲಿ ಚೆನ್ನಾಗಿ ಏಳುತ್ತದೆ. ಪೇಂಟು ಒಡೆಯದೆ ತಗ್ಗಿದ್ದರೆ ಒಳಗಿನಿಂದ ಸಲಾಕೆ ಹಾಕಿ ಪೇಂಟ್ ಇಲ್ಲದೆಯೇ ಎತ್ತುವವರೂ ಇದ್ದಾರೆ. ಚೂಪಾಗಿ ಮಡಿಕೆ ಬಿದ್ದ ತಗಡು, ಅಂಚು ಹರಿದ ತಗಡು ಎದ್ದರೂ ಪುಟ್ಟಿಯ ಬಲದ ಮೇಲೆ ನಿಲ್ಲುತ್ತದೆ. ಆಮೇಲೆ ಮಳೆಗಾಲದಲ್ಲಿ ಪುಟ್ಟಿಯ ಕೆಳಗೆ ತುಕ್ಕು.

ನನ್ನ ಮಡ್‌ಗಾರ್ಡ್ ಹೆಡ್‌ಲೈಟ್ ಪಕ್ಕದಲ್ಲಿ ಹೀಗೇ ಮಡಿಸಿಹೋಗಿತ್ತು. ಹೊಸದು ಎರಡೂವರೆ ಸಾವಿರದೊಳಗೆ ಸಿಗುತ್ತಿತ್ತು, ಎತ್ತಲು ಕೇಳಿದ ಕೂಲಿಯೇ ಎರಡು ಸಾವಿರ. ಯೋಚನೆ ಮಾಡಬೇಕಾದ್ದೇನಿಲ್ಲ. ಬಾನೆಟ್ ಮೂಲೆ ಬಾಗಿತ್ತು ಅಷ್ಟೇ, ಒಳಗಿನ ಪಟ್ಟಿ ಮುರಿದಿರಲಿಲ್ಲ, ಅದನ್ನು ಎತ್ತಿಸಿದೆ. ಬಾಗಿಲು, ಹಿಂದಿನ ಚಕ್ರದ ಮೇಲಿನ ತಗಡಾದ ಕ್ವಾರ್ಟರ್ ಪ್ಯಾನೆಲ್ ವಿಷಯದಲ್ಲಿ ಲೆಕ್ಕ ಉಲ್ಟಾ. ಕ್ವಾರ್ಟರ್ ಪ್ಯಾನೆಲ್ ಬೋಲ್ಟಿನದ್ದಲ್ಲ, ಬೆಸೆದದ್ದು. ಅದನ್ನು ಕತ್ತರಿಸಿ ಹೊಸದು ಬೆಸೆಯುವುದಕ್ಕಿಂತ ಇರುವುದನ್ನೇ ಆದಷ್ಟು ಎತ್ತಿಸುವುದು ಮೇಲು.

ಬಂಪರ್ ಪ್ಲಾಸ್ಟಿಕ್. ಸೀಳಿದ್ದರೆ ಬಿಸಿಯಲ್ಲಿ ಬೆಸೆದು ಒಳಗೆ ಜಾಲರಿ ಹಾಕಿ ಸರಿಮಾಡುತ್ತಾರೆ, ಚೆನ್ನಾಗೇ ನಿಲ್ಲುತ್ತದೆ. ಕ್ಲಿಪ್ ಕೂರುವ ಕಿವಿಗಳು ಮುರಿದಿದ್ದರೆ ಮಾತ್ರ ಬದಲಿಸಿ. ಇಲ್ಲದಿದ್ದರೆ ಪ್ರತಿ ಹಂಪ್ ದಾಟುವಾಗ ಅದು ಕಟಕಟ ಅನ್ನುತ್ತಿರುತ್ತದೆ. ಬಂಪರ್ ಹಿಂದೆ ರೇಡಾರ್ ಇರುವ ಹೊಸ ಕಾರುಗಳಲ್ಲಿ ಪುಟ್ಟಿ, ದಪ್ಪ ಪೇಂಟು ರೇಡಾರ್ ನೋಟಕ್ಕೇ ಅಡ್ಡ. ಬಂಪರ್ ಬಿಚ್ಚಿ ಹಾಕಿದ ಮೇಲೆ ಕ್ಯಾಲಿಬ್ರೇಷನ್ ಆಯಿತಾ ಅಂತ ಕೇಳಿ. ಹೆಡ್‌ಲೈಟ್‌ನ ಕಿವಿ ಒಂದೇ ಮುರಿದಿದ್ದರೆ ಕೆಲವು ಮಾಡೆಲ್‌ಗಳಿಗೆ ಆ ಕಿವಿಯಷ್ಟೇ ಬಿಡಿಯಾಗಿ ಸಿಗುತ್ತದೆ. ಗೊತ್ತಿಲ್ಲದೆ ಇಡೀ ಲೈಟ್ ಬದಲಿಸಿದವರು ಬೇಕಾದಷ್ಟು ಜನ.

ರೇಡಿಯೇಟರ್, ಎಸಿ ಕಂಡೆನ್ಸರ್ ಸೋರದಿದ್ದರೆ ಸುಮ್ನೆ ಬಿಡಿ, ರೆಕ್ಕೆ ಬಾಗಿದ್ದನ್ನು ಬಾಚಿ ನೇರ ಮಾಡಬಹುದು. ಅವನ್ನು ಹಿಡಿದಿರುವ ಸಪೋರ್ಟ್ ಬಾಗಿದ್ದರೆ ಹೊಸದು ಹಾಕಿ. ಅದು ನೇರ ಇಲ್ಲದಿದ್ದರೆ ಬಾನೆಟ್ ಲಾಕ್, ಹೆಡ್‌ಲೈಟ್, ಬಂಪರ್ ಒಂದೂ ಸರಿಯಾಗಿ ಕೂರುವುದಿಲ್ಲ.

ಸ್ಟೀರಿಂಗ್, ಸಸ್ಪೆನ್ಷನ್ ಭಾಗ ಬಾಗಿದ್ದರೆ ಎರಡನೇ ಮಾತಿಲ್ಲ. ಟೈ ರಾಡ್, ಲೋಯರ್ ಆರ್ಮ್, ನಕಲ್ ಯಾವುದನ್ನೂ ಕಾಯಿಸಿ ಬಡಿಸಬೇಡಿ. ನಾನು ಕೆಲಸ ಕೊಟ್ಟ ಕಡೆ ಒಬ್ಬ ಹಿರಿಯ ಟಿಂಕರ್ ಇದ್ದರು. ಹಳೇ ಆರ್ಮ್ ಕೈಯಲ್ಲಿ ತಿರುಗಿಸುತ್ತಾ ಹೇಳಿದರು: "ಎಳೆದ್ರೆ ಬರುತ್ತೆ ಸಾರ್. ಬಂದಿದ್ದು ನಿಲ್ಲಲ್ಲ." ಅಲಾಯ್ ಚಕ್ರ ಬಿರುಕು ಬಿಟ್ಟಿದ್ದರೂ ಇದೇ ಮಾತು, ಬೆಸುಗೆ ಬೇಡ. ಕಬ್ಬಿಣದ ರಿಮ್ ಸ್ವಲ್ಪ ಬಾಗಿದ್ದರೆ ನೇರ ಮಾಡಬಹುದು. ಟೈರಿನ ಪಕ್ಕದಲ್ಲಿ ಬುಗ್ಗೆ ಎದ್ದಿದ್ದರೆ ಒಳಗಿನ ದಾರ ತುಂಡಾಗಿದೆ, ಆ ಟೈರು ಮುಗಿಯಿತು. ಶಾಕ್ ಅಬ್ಸಾರ್ಬರ್ ಬದಲಿಸುವುದಾದರೆ ಎಡ ಬಲ ಜೋಡಿಯಾಗೇ ಬದಲಿಸಿ.

ಏಪ್ರನ್, ಅದರ ಬುಡದಲ್ಲಿ ಮುಂದಕ್ಕೆ ಚಾಚಿದ ಉಕ್ಕಿನ ತೊಲೆಯಾದ ಚಾಸಿ ಲೆಗ್ ಕಷ್ಟದ ಜಾಗ. ಇವು ಏಟು ನುಂಗಲೆಂದೇ ಮಾಡಿದ ಭಾಗಗಳು. ಸ್ವಲ್ಪ ಬಾಗಿದ್ದರೆ ಎಳೆಯುವ ಬೆಂಚ್ ಮೇಲೆ ಕಾರು ಬಿಗಿದು, ಅಳತೆ ನೋಡುತ್ತಾ ನಿಧಾನವಾಗಿ ಎಳೆಯಬಹುದು. ನನ್ನ ಏಪ್ರನ್ ತುದಿಗೆ ಅಷ್ಟೇ ಸಾಕಾಯಿತು. ಚಾಸಿ ಲೆಗ್ ಅಕಾರ್ಡಿಯನ್ ತರಹ ಮಡಿಸಿಹೋಗಿದ್ದರೆ ಅದು ತನ್ನ ಕೆಲಸ ಒಂದು ಸಲ ಮಾಡಿ ಮುಗಿಸಿದೆ, ನೇರ ಮಾಡಿದರೆ ಮುಂದಿನ ಸಲ ಮಾಡುವುದಿಲ್ಲ. ಈ ಭಾಗಗಳನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸುವ ಗ್ಯಾರೇಜ್ ಕಂಡರೆ ಕಾರು ವಾಪಸ್ ತನ್ನಿ. ಈಗಿನ ಗಟ್ಟಿ ಉಕ್ಕು, ಅದರಲ್ಲೂ ಬಾಗಿಲ ಕಂಬದ ಉಕ್ಕು, ಕೆಂಪಗೆ ಕಾದರೆ ತನ್ನ ಗಟ್ಟಿತನ ಕಳೆದುಕೊಳ್ಳುತ್ತದೆ. ಹೊರಗೆ ಪೇಂಟು ಹೊಡೆದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನೋದೇ ತೊಂದರೆ.

ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದರೆ ಬ್ಯಾಗ್ ಜೊತೆ ಸೀಟ್ ಬೆಲ್ಟ್, ಸೆನ್ಸರ್, ಕಂಟ್ರೋಲ್ ಯೂನಿಟ್ ಕೂಡ ಕಂಪನಿ ಹೇಳಿದಂತೆ ಬದಲಾಗಬೇಕು. ಬಿಚ್ಚಿಕೊಳ್ಳದಿದ್ದರೂ ಬೆಲ್ಟ್ ಪೂರ್ತಿ ಎಳೆದು ನೋಡಿ: ಅಂಚು ನಾರಾಗಿದೆಯಾ, ಬಕಲ್ ತಗ್ಗಿಹೋಗಿದೆಯಾ, ಎಳೆದದ್ದು ವಾಪಸ್ ಹೋಗುತ್ತಿದೆಯಾ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ, ಕೆಲವೇ ಸೆಕೆಂಡಿಗೆ ಆರಬೇಕು. ಆರದಿದ್ದರೆ ದೋಷ. ಹತ್ತಲೇ ಇಲ್ಲ ಅಂದರೆ ಇನ್ನೂ ಅನುಮಾನ. ಹೊಸ ಬ್ಯಾಗ್ ಹಾಕದೆ ಒಂದು ರೆಸಿಸ್ಟರ್ ಸಿಕ್ಕಿಸಿ ದೀಪ ಆರಿಸುವವರಿದ್ದಾರೆ. ಹಾಗೆ ಮಾಡಿದರೆ ದೀಪ ಸರಿಯಾಗಿ ಹತ್ತಿ ಆರುತ್ತದೆ. ಆದ್ದರಿಂದ ಬ್ಯಾಗಿನ ಬಿಲ್ಲು, ಖಾಲಿ ಡಬ್ಬ ಎರಡನ್ನೂ ಕೇಳಿ ನೋಡಿ.

ಗುಜರಿ ಸಾಮಾನು

ಬೆಂಗಳೂರಿನವರಿಗೆ ಹೊಸ ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಹಳೆಯದಕ್ಕೆ ಶಿವಾಜಿನಗರ. ಗುಜರಿ ಅಂದ ಕೂಡಲೇ ಮೂಗು ಮುರಿಯಬೇಕಾಗಿಲ್ಲ. ಲೋಕಲ್ ಕಂಪನಿಯ ಹೊಸ ತಗಡಿಗಿಂತ ಹಳೇ ಒರಿಜಿನಲ್ ಬಾಗಿಲು ಎಷ್ಟೋ ಪಾಲು ಚೆನ್ನಾಗಿ ಕೂರುತ್ತದೆ. ನನ್ನ ತಮ್ಮನ ಕಾರಿಗೆ ಆಟೋ ಬಂದು ಗುದ್ದಿದಾಗ ಗಾಜು, ಮೋಟರು, ಲಾಕು ಸಮೇತ ಇಡೀ ಬಾಗಿಲು ಅಲ್ಲೇ ಸಿಕ್ಕಿತು, ಅದೂ ಅದೇ ಬೆಳ್ಳಿ ಬಣ್ಣದ್ದು. ಆದರೂ ಪೇಂಟು ಮಾಡಿಸಬೇಕಾಯಿತು. ಎರಡು ಕಾರು ಬೇರೆ ಬೇರೆ ಬಿಸಿಲು ಕಂಡಿರುತ್ತವಲ್ಲ.

ಬಾಗಿಲು, ಡಿಕ್ಕಿ ಮುಚ್ಚಳ, ಕನ್ನಡಿ, ಟೈಲ್ ಲೈಟ್, ಹೆಡ್‌ಲೈಟ್, ಸೀಟು, ಕಬ್ಬಿಣದ ರಿಮ್, ಒಳಗಿನ ಪ್ಲಾಸ್ಟಿಕ್ ಇವೆಲ್ಲ ಧೈರ್ಯವಾಗಿ ಕೊಳ್ಳಿ. ಬಾಗಿಲ ತಳದ ನೀರು ಹೋಗುವ ತೂತಿಗೆ ಬೆರಳು ಹಾಕಿ ನೋಡಿ, ತುಕ್ಕು ಅಲ್ಲಿಂದಲೇ ಶುರು. ಹೆಡ್‌ಲೈಟ್‌ನ ಎಲ್ಲಾ ಕಿವಿ ಎಣಿಸಿ. ಕನೆಕ್ಟರ್ ಒಳಗೆ ಹಸಿರು ಕಿಲುಬು, ಸಂದಿಯಲ್ಲಿ ಮಣ್ಣು ಕಂಡರೆ ಅದು ನೀರಲ್ಲಿ ಮುಳುಗಿದ ಕಾರಿನದ್ದು. ಬಿಟ್ಟುಬಿಡಿ.

ಏರ್‌ಬ್ಯಾಗ್, ಸೀಟ್ ಬೆಲ್ಟ್, ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್ ಸಾಮಾನು ಗುಜರಿಯಿಂದ ಬೇಡ. ಅವು ಅಲ್ಲಿಗೆ ಬಂದದ್ದೇ ಇನ್ನೊಂದು ಗುದ್ದಿದ ಕಾರಿನಿಂದ ಅಲ್ವಾ. ಎಂಜಿನ್ ಕಂಟ್ರೋಲ್ ಯೂನಿಟ್ ತಂದರೆ ನಿಮ್ಮ ಕೀಯನ್ನು ಅದು ಒಪ್ಪುವುದಿಲ್ಲ. ಎಂಜಿನ್ನೇ ಬದಲಿಸುವುದಾದರೆ ಮೊದಲು ಆರ್‌ಟಿಒ ಅನುಮತಿ, ಆಮೇಲೆ ಆರ್‌ಸಿಯಲ್ಲಿ ಹೊಸ ನಂಬರ್ ನಮೂದು. ಕಾಗದವಿಲ್ಲದ ಎಂಜಿನ್ ಕದ್ದ ಕಾರಿನದ್ದಾಗಿದ್ದರೆ ಠಾಣೆ ಮೆಟ್ಟಿಲು ಹತ್ತುವುದು ನೀವೇ.

ಕ್ಲೇಮ್ ಮಾಡೋದಾ, ಬೇಡವಾ

ನನ್ನ ಕಾರು ಆರು ವರ್ಷದ್ದು, ಮಾಮೂಲಿ ಪಾಲಿಸಿ, ಸವಕಳಿ ಎಂದು ಬಿಡಿಭಾಗದ ಬೆಲೆ ಕಡಿಯದ ಜೀರೋ ಡೆಪ್ ಇಲ್ಲ. ಐದರಿಂದ ಹತ್ತು ವರ್ಷದ ಕಾರಿಗೆ ಲೋಹದ ಭಾಗದ ಬೆಲೆಯಲ್ಲಿ 40 ಶೇಕಡಾ ಕಡಿಯುತ್ತಾರೆ. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿ, ಏರ್‌ಬ್ಯಾಗ್‌ಗೆ ವಯಸ್ಸು ಎಷ್ಟೇ ಇರಲಿ 50. ಗಾಜಿಗೆ ಕಡಿತವಿಲ್ಲ. ಈಗಿನ ಹೆಡ್‌ಲೈಟ್ ಗಾಜಿನ ಹಾಗೆ ಕಂಡರೂ ಪ್ಲಾಸ್ಟಿಕ್. ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರಲ್ಲಿ ಅರ್ಧ ಕಡಿಯುತ್ತಾರೆ. ಕೂಲಿ ಪೂರ್ತಿ ಕೊಡುತ್ತಾರೆ.

ಕೊನೆಗೆ ನನ್ನ ಬಿಲ್ಲು ದುಂಡಾಗಿ ಹೀಗಿತ್ತು. ಲೋಹ 10,000, ಪ್ಲಾಸ್ಟಿಕ್ 8,000, ಕೂಲಿ 9,000, ಪೇಂಟಿಂಗ್ 12,000. ಒಟ್ಟು 39,000. ಇನ್ಶೂರೆನ್ಸ್ ಕಡೆಯಿಂದ ಲೋಹಕ್ಕೆ 6,000, ಪ್ಲಾಸ್ಟಿಕ್‌ಗೆ 4,000, ಕೂಲಿ 9,000, ಪೇಂಟಿಂಗ್‌ಗೆ 10,500. ಸೇರಿ 29,500. ಅದರಲ್ಲಿ 1500 ಸಿಸಿ ಒಳಗಿನ ಕಾರಿಗೆ ಕಡ್ಡಾಯವಾಗಿ ನಾವೇ ಹಾಕಬೇಕಾದ 1,000 ಹೋದರೆ 28,500. ನನ್ನ ಜೇಬಿನಿಂದ 10,500.

ಇಲ್ಲಿಗೆ ಮುಗಿಯಲಿಲ್ಲ. ನನಗೆ 50 ಶೇಕಡಾ ನೋ ಕ್ಲೇಮ್ ಬೋನಸ್ ಇತ್ತು. ಕ್ಲೇಮ್ ಮಾಡಿದರೆ ಮುಂದಿನ ನವೀಕರಣಕ್ಕೆ ಅದು ಸೊನ್ನೆ. ಆಮೇಲೆ ವರ್ಷ ವರ್ಷ 20, 25, 35, 45, ಮತ್ತೆ 50. ನಮ್ಮ ಕಾರಿನ ಹಾನಿಗೆಂದು ಕಟ್ಟುವ ಓನ್ ಡ್ಯಾಮೇಜ್ ಪ್ರೀಮಿಯಂ 8,000 ಎಂದಿಟ್ಟುಕೊಂಡರೆ ಕಳೆದುಕೊಳ್ಳುವ ರಿಯಾಯಿತಿ ಕ್ರಮವಾಗಿ 4,000, 2,400, 2,000, 1,200, 400. ಒಟ್ಟು 10,000. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ನಿಜದಲ್ಲಿ ಸ್ವಲ್ಪ ಕಡಿಮೆ ಆಗಬಹುದು. ಅಂತೂ ಕ್ಲೇಮ್ ಮಾಡಿದರೂ ನನಗೆ ಬೀಳುವ ಖರ್ಚು 20,500ರ ಆಸುಪಾಸು.

ಹಾಗಾದರೆ ಕ್ಲೇಮ್ ಮಾಡದೆ ಹೊರಗೆ, ಗುಜರಿ ಹೆಡ್‌ಲೈಟ್ ಹಾಕಿ, ಬಂಪರ್ ಬೆಸೆಸಿ ಎಷ್ಟಕ್ಕೆ ಮುಗಿಯುತ್ತಿತ್ತು? ಲೋಯರ್ ಆರ್ಮ್, ಏಪ್ರನ್ ಎಳೆಸುವುದು ಸೇರಿಸಿ 26 ಸಾವಿರ ಎಂದರು. ಅದಕ್ಕೇ ಕ್ಲೇಮ್ ಮಾಡಿದೆ. ಬರೀ ಬಂಪರ್, ಲೈಟ್ ಹೋಗಿದ್ದರೆ ಖಂಡಿತ ಮಾಡುತ್ತಿರಲಿಲ್ಲ. ನೀವು ಹಳೇ ಎಸ್ಟಿಮೇಟುಗಳನ್ನು ನೋಡಿ ಲೆಕ್ಕ ಹಾಕುವುದಾದರೆ ಒಂದು ವಿಷಯ: ಬಿಡಿಭಾಗದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರ ಬದಲು 18.

ಏಟು ದೊಡ್ಡದಾಗಿದ್ದು ರಿಪೇರಿ ಖರ್ಚು ಐಡಿವಿಯ, ಅಂದರೆ ಪಾಲಿಸಿಯಲ್ಲಿ ಬರೆದ ಕಾರಿನ ಬೆಲೆಯ, 75 ಶೇಕಡಾ ದಾಟಿದರೆ ಟೋಟಲ್ ಲಾಸ್ (ರಿಪೇರಿ ಇಲ್ಲ, ಕಾರಿನ ಬೆಲೆಯೇ ಪರಿಹಾರ) ಎಂದು ಹಿಡಿಯುತ್ತಾರೆ. ಬಾಗಿಲ ಕಂಬ ಅಲುಗಿದ ಹಳೇ ಕಾರಿಗೆ ಅದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. "ಲಾಸ್ ಬೇಡ, ಎಸ್ಟಿಮೇಟ್ ಕಮ್ಮಿ ಬರೆಸ್ತೀನಿ" ಎನ್ನುವ ಗ್ಯಾರೇಜಿನವರು ಯಾವ ಭಾಗವನ್ನು ಬಿಟ್ಟು ಕಮ್ಮಿ ಮಾಡುತ್ತಾರೆ ಅಂತ ಕೇಳಿ.

ಕಾರು ವಾಪಸ್ ತಗೊಳ್ಳುವಾಗ

ಹಗಲಲ್ಲೇ ಹೋಗಿ. ಬಟ್ಟೆ ಸುತ್ತಿದ ಫ್ರಿಜ್ ಮ್ಯಾಗ್ನೆಟ್ ಒಂದು ಜೇಬಿನಲ್ಲಿರಲಿ. ಎತ್ತಿಸಿದ ಜಾಗದ ಮೇಲೆ ಅದು ಹಿಡಿಯದೆ ಜಾರಿದರೆ ಕೆಳಗೆ ಪುಟ್ಟಿ ದಪ್ಪಗಿದೆ. ಪೇಂಟ್ ದಪ್ಪ ಅಳೆಯುವ ಮೀಟರ್ ಯಾರ ಹತ್ತಿರವಾದರೂ ಇದ್ದರೆ ಇನ್ನೂ ಒಳ್ಳೆಯದು. ಕಂಪನಿ ಪೇಂಟು ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ. ಬದಲಿಸಿದೆವು ಎಂದ ಪ್ರತಿ ಸಾಮಾನಿನ ಹಳೆಯದನ್ನು ತೋರಿಸಲು ಹೇಳಿ. ಕ್ಲೇಮ್ ಆದರೆ ಅವು ನಿಮಗೆ ಸಿಗುವುದಿಲ್ಲ, ನೋಡಲು ಏನಡ್ಡಿ? ನಲವತ್ತು ಐವತ್ತರ ವೇಗದಲ್ಲಿ ಖಾಲಿ ರಸ್ತೆಯಲ್ಲಿ ಸ್ಟೀರಿಂಗನ್ನು ಸಡಿಲವಾಗಿ ಹಿಡಿದು ನೋಡಿ, ಕಾರು ಒಂದು ಕಡೆ ಎಳೆಯಬಾರದು, ಸ್ಟೀರಿಂಗ್ ಸೊಟ್ಟಗೆ ನಿಲ್ಲಬಾರದು.

ನಾನು ಮನೆಗೆ ಬಂದು ಮತ್ತೆ ಟೇಪು ಹಿಡಿದೆ. ಬಲಗಡೆ 2430, ಎಡಗಡೆ 2429. ಬಕೆಟ್ ನೀರು ಚೆಲ್ಲಿ ಹಾಯಿಸಿದೆ, ಎರಡು ಕಡೆಯೂ ಗುರುತು ಒಂದರ ಮೇಲೊಂದು. ಎಡ ಮಡ್‌ಗಾರ್ಡ್ ಮತ್ತು ಬಾಗಿಲ ನಡುವಿನ ಗ್ಯಾಪು ಮಾತ್ರ ಬಲಗಡೆಗಿಂತ ಕೂದಲೆಳೆಯಷ್ಟು ಜಾಸ್ತಿ ಇದೆ. ವಾಪಸ್ ಒಯ್ದರೆ ಬೋಲ್ಟ್ ಸಡಿಲಿಸಿ ಸರಿಸಿ ಕೊಡುತ್ತಾರೆ. ಹೊಸ ಪೇಂಟು ಅಂಚಿನಲ್ಲಿ ಕೀಳುತ್ತದೇನೋ ಅಂತ ಹಾಗೇ ಬಿಟ್ಟಿದ್ದೇನೆ.